ಸಾರ್, 169 ಬಂದಿದೆ

ಡೆಸ್ಕ್‌ಟಾಪ್ ಸಪೋರ್ಟ್‌ನಿಂದ ಕೆಲಸ ಶುರು ಮಾಡಿದವರಿಗೆಲ್ಲ ಈ ಮಾತು ಗೊತ್ತಿರುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಅಕೌಂಟ್ಸ್ ವಿಭಾಗದಿಂದ ಫೋನು: ‘ಸಾರ್, ನೆಟ್ ಬರ್ತಿಲ್ಲ.’ ಕಪ್ಪು ಕಿಟಕಿ ತೆರೆಸಿ ‘ಐಪಿಕಾನ್ಫಿಗ್’ ಟೈಪ್ ಮಾಡಿಸುತ್ತೇವೆ. ಆ ಕಡೆಯಿಂದ ಅಂಕಿ ಓದಲು ಶುರು: ‘ಒನ್ ಸಿಕ್ಸ್ ನೈನ್ ಡಾಟ್ ಟೂ ಫೈವ್ ಫೋರ್...’ ಸಾಕು, ಮುಂದಿನದನ್ನು ಕೇಳಬೇಕಿಲ್ಲ. ‘169 ಬಂದಿದೆ’ ಎಂದು ಪಕ್ಕದವನಿಗೆ ಹೇಳಿದರೆ ಅವನು ಎದ್ದು ಕೇಬಲ್ ನೋಡಲು ಹೊರಡುತ್ತಾನೆ. ಯಂತ್ರ ‘ನನಗೊಂದು ವಿಳಾಸ ಕೊಡಿ’ ಎಂದು ಕೂಗಿದೆ, ಯಾರೂ ಓಗೊಟ್ಟಿಲ್ಲ, ಬೇಸತ್ತು ತಾನೇ ಒಂದನ್ನು ಇಟ್ಟುಕೊಂಡಿದೆ. ನಮ್ಮ ಪಾಲಿಗೆ 169.254 ಎಂದರೆ ಅನಾಥ ಯಂತ್ರದ ಗುರುತು.

ಕ್ಲೌಡ್ ಕೆಲಸಕ್ಕೆ ಬಂದ ಮೇಲೆ ಒಂದು ವಿಷಯ ತಿಳಿದು ಬೆಪ್ಪಾದೆ. ಅಲ್ಲಿ ಹುಟ್ಟುವ ಹೆಚ್ಚುಕಮ್ಮಿ ಪ್ರತಿಯೊಂದು ಯಂತ್ರವೂ ತನ್ನ ಹೆಸರು, ಊರು, ಬೀಗದ ಕೈ ಎಲ್ಲವನ್ನೂ ಕೇಳಿ ತಿಳಿಯುವುದು 169.254ರಿಂದ ಶುರುವಾಗುವ ಒಂದು ವಿಳಾಸದಲ್ಲೇ. ಅನಾಥರ ಬೀದಿಯಲ್ಲೇ ಜನನ ನೋಂದಣಿ ಕಚೇರಿ! ಇದು ಯಾರಿಗೆ ಹೊಳೆಯಿತು, ಹೇಗೆ ಇಲ್ಲಿಯವರೆಗೆ ಬಂತು ಎಂದು ಹುಡುಕಲು ನನಗೆ ಸ್ವಂತದ್ದೊಂದು ಕಾರಣವೂ ಇತ್ತು. 2011ರ ಮಳೆಗಾಲದ ಒಂದು ರಾತ್ರಿ.

ಬೆಂಗಳೂರಿನ ಒಂದು ಸಣ್ಣ ಕಂಪನಿ. ಕೇಬಲ್ ಹುಡುಗನಾಗಿದ್ದ ನನ್ನನ್ನು ಆಗಷ್ಟೇ ಸರ್ವರ್ ರೂಮಿಗೆ ಬಡ್ತಿ ಕೊಟ್ಟು ಕಳಿಸಿದ್ದರು. ಒಂದು ದೊಡ್ಡ ಸರ್ವರ್, ಅದರ ಹೊಟ್ಟೆಯಲ್ಲಿ ಹತ್ತಾರು ವರ್ಚುವಲ್ ಯಂತ್ರಗಳು. ಮೂರು ದಿನ ಕೂತು ಒಂದು ಲಿನಕ್ಸ್ ಯಂತ್ರವನ್ನು ಚೆನ್ನಾಗಿ ಸಿಂಗರಿಸಿ ಟೆಂಪ್ಲೇಟ್ ಮಾಡಿಟ್ಟಿದ್ದೆ. ಬೆಳಗಾಗುವಷ್ಟರಲ್ಲಿ ಟೆಸ್ಟಿಂಗ್ ತಂಡಕ್ಕೆ ಅದರ ಹತ್ತು ಪ್ರತಿ ಬೇಕು. ಕ್ಲೋನ್ ಮಾಡಿದೆ, ಹತ್ತನ್ನೂ ಚಾಲೂ ಮಾಡಿದೆ, ಪಿಂಗ್ ಮಾಡಿದೆ. ಒಂದೂ ಉತ್ತರಿಸಲಿಲ್ಲ.

ಒಂದೊಂದರದ್ದೇ ಕನ್ಸೋಲ್ ತೆರೆದು ನೋಡಿದರೆ ಹತ್ತರಲ್ಲೂ ಒಂದೇ ಸಾಲು. ‘ಎಥ್0’ ಎಂಬ ಸಾಧನ ಇಲ್ಲಿದ್ದಂತಿಲ್ಲ ಎಂಬರ್ಥದ ಸಾಲು. ಇಲ್ಲದೇ ಏನು? ನಾನೇ ಕಾರ್ಡ್ ಕೊಟ್ಟಿದ್ದೇನೆ. ಡ್ರೈವರ್ ನೋಡಿದೆ, ಬ್ರಿಡ್ಜ್ ನೋಡಿದೆ, ಸರ್ವರ್ ಹಿಂದಿನ ಕೇಬಲನ್ನೂ ಅಭ್ಯಾಸಬಲದಿಂದ ಅಲುಗಾಡಿಸಿ ಬಂದೆ. ಎರಡು ಗಂಟೆ ದಾಟಿದ ಮೇಲೆ, ಇರುವ ಕಾರ್ಡುಗಳನ್ನೆಲ್ಲ ಪಟ್ಟಿ ಮಾಡಿಸಿದಾಗ ಕಂಡದ್ದು ಎಥ್1. ಎಥ್0 ಇಲ್ಲ, ಎಥ್1 ಇದೆ. ಮೊದಲ ಮಗುವೇ ಇಲ್ಲದ ಮನೆಯಲ್ಲಿ ಎರಡನೆಯದು ಹೇಗೆ?

ಉತ್ತರ ಸಿಕ್ಕಿದ್ದು ‘70-ಪರ್ಸಿಸ್ಟೆಂಟ್-ನೆಟ್.ರೂಲ್ಸ್’ ಎಂಬ ಫೈಲಿನಲ್ಲಿ. ಒಳಗೆ ಎರಡೇ ಸಾಲು. ಮೊದಲನೆಯದರಲ್ಲಿ ನನ್ನ ಟೆಂಪ್ಲೇಟಿನ ಕಾರ್ಡಿನ ಮ್ಯಾಕ್ ಸಂಖ್ಯೆ, ಅದರ ಮುಂದೆ ‘ಇದರ ಹೆಸರು ಎಥ್0’. ಎರಡನೆಯದರಲ್ಲಿ ಕ್ಲೋನಿಗೆ ಸಿಕ್ಕ ಹೊಸ ಸಂಖ್ಯೆ, ಮುಂದೆ ‘ಇದರ ಹೆಸರು ಎಥ್1’. ಎರಡು ಕಾರ್ಡಿರುವ ನಿಜವಾದ ಯಂತ್ರದಲ್ಲಿ ಪ್ರತಿ ಸಲ ಬೂಟ್ ಆದಾಗ ಹೆಸರು ಅದಲುಬದಲಾಗದಿರಲಿ ಎಂದು ಯಾರೋ ಪುಣ್ಯಾತ್ಮರು ಮಾಡಿಟ್ಟ ವ್ಯವಸ್ಥೆ ಅದು. ನನ್ನ ಕ್ಲೋನ್ ಎದ್ದೊಡನೆ ತನ್ನನ್ನು ಟೆಂಪ್ಲೇಟ್ ಎಂದೇ ತಿಳಿಯಿತು. ಹಳೇ ಕಾರ್ಡಿಗೆ ಎಥ್0 ಎಂಬ ಹೆಸರನ್ನು ಕಾಯ್ದಿರಿಸಿ, ಹೊಸದಕ್ಕೆ ಮುಂದಿನ ಹೆಸರು ಕೊಟ್ಟಿತು. ನೆಟ್‌ವರ್ಕಿನ ಸೆಟ್ಟಿಂಗ್ ಎಲ್ಲ ಎಥ್0ಗೆ ಬರೆದದ್ದು. ಎಥ್1 ಬರಿಗೈಯಲ್ಲಿ ಕೂತಿತ್ತು.

ಆ ಫೈಲನ್ನು ಅಳಿಸಿ ರೀಬೂಟ್ ಮಾಡಿದೆ. ಪಿಂಗ್ ಬಂತು. ಉಳಿದ ಒಂಬತ್ತಕ್ಕೂ ಅದೇ ಮದ್ದು. ಮನೆಗೆ ಹೋಗುವಾಗ ಹಾಲಿನ ಗಾಡಿಗಳು ಓಡಾಡುತ್ತಿದ್ದವು. ತಲೆಯಲ್ಲಿ ಒಂದೇ ಕೊರೆತ. ಯಂತ್ರ ಕೆಟ್ಟಿದ್ದು ಏನೋ ಮರೆತಿದ್ದರಿಂದಲ್ಲ, ನೆನಪಿಟ್ಟುಕೊಂಡಿದ್ದರಿಂದ.

ಏನನ್ನೂ ನೆನಪಿಟ್ಟುಕೊಳ್ಳದ ಯಂತ್ರಗಳ ಕತೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, 1980ರ ದಶಕದ ಆರಂಭದಲ್ಲಿ. ಆಗ ಡಿಸ್ಕ್ ದುಬಾರಿ ಸಾಮಾನು. ಅದಕ್ಕೇ ಡಿಸ್ಕೇ ಇಲ್ಲದ ವರ್ಕ್‌ಸ್ಟೇಷನ್‌ಗಳು ಬಂದವು: ಪರದೆ, ಕೀಲಿಮಣೆ, ಮೆಮೊರಿ, ಒಂದು ನೆಟ್‌ವರ್ಕ್ ಕಾರ್ಡ್, ಅಷ್ಟೇ. ಸ್ವಿಚ್ ಹಾಕಿದಾಗಲೆಲ್ಲ ಆಪರೇಟಿಂಗ್ ಸಿಸ್ಟಮ್ ತಂತಿಯ ಮೇಲೇ ಬರಬೇಕು. ಬರಬೇಕಾದರೆ ಯಂತ್ರಕ್ಕೊಂದು ಐಪಿ ವಿಳಾಸ ಬೇಕು. ಅದನ್ನು ಬರೆದಿಟ್ಟುಕೊಳ್ಳಲು ಹಲಗೆಯೇ ಇಲ್ಲ. ಅದಕ್ಕೆ ತನ್ನ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ, ಕಾರ್ಖಾನೆಯಲ್ಲಿ ಕಾರ್ಡಿನ ಮೇಲೆ ಸುಟ್ಟು ಅಚ್ಚೊತ್ತಿದ 48 ಬಿಟ್‌ನ ಸಂಖ್ಯೆ.

‘ಈ ಐಪಿ ಯಾರದ್ದು?’ ಎಂದು ತಂತಿಯಲ್ಲಿ ಕೂಗಿ ಕಾರ್ಡಿನ ಸಂಖ್ಯೆ ತಿಳಿಯುವ ಎಆರ್‌ಪಿ ವಿಧಾನ 1982ರಲ್ಲೇ ಬಂದಿತ್ತು. ಸ್ಟ್ಯಾನ್‌ಫರ್ಡಿನವರು ಅದನ್ನೇ ತಿರುವಿ ಹಾಕಿದರು: ‘ನನ್ನ ಕಾರ್ಡಿನ ಸಂಖ್ಯೆ ಇದು, ನನ್ನ ಐಪಿ ಯಾವುದು, ಯಾರಾದರೂ ಹೇಳಿ.’ ಫಿನ್‌ಲೇಸನ್, ಮ್ಯಾನ್, ಮೊಗಲ್, ಥೀಮರ್ ಎಂಬ ನಾಲ್ವರು 1984ರ ಜೂನ್‌ನಲ್ಲಿ ಬರೆದಿಟ್ಟ ಈ ‘ರಿವರ್ಸ್ ಎಆರ್‌ಪಿ’ ನಾಲ್ಕೇ ಪುಟದಷ್ಟು ಚಿಕ್ಕದು. ನಡೆಯಿತು, ಆದರೆ ಕುಂಟುತ್ತ. ಆ ಕೂಗು ರೂಟರ್ ದಾಟುತ್ತಿರಲಿಲ್ಲ. ಒಂದೊಂದು ತಂತಿಗೂ ಒಬ್ಬೊಬ್ಬ ಉತ್ತರಿಸುವವನು ಬೇಕಿತ್ತು. ಸಿಗುತ್ತಿದ್ದದ್ದೂ ಬರೀ ಐಪಿ, ಗೇಟ್‌ವೇ ಯಾವುದು, ಬೂಟ್ ಫೈಲ್ ಎಲ್ಲಿದೆ ಎಂಬುದಕ್ಕೆ ಸೊಲ್ಲಿಲ್ಲ.

ಮರುವರ್ಷ, 1985ರ ಸೆಪ್ಟೆಂಬರ್‌ನಲ್ಲಿ, ಸ್ಟ್ಯಾನ್‌ಫರ್ಡಿನ ಬಿಲ್ ಕ್ರಾಫ್ಟ್ ಮತ್ತು ಸನ್ ಮೈಕ್ರೋಸಿಸ್ಟಮ್ಸ್‌ನ ಜಾನ್ ಗಿಲ್ಮೋರ್ ಸೇರಿ ಬೂಟ್‌ಪಿ ತಂದರು. (ಮುಂದೆ ಅಂತರಜಾಲದ ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಇಎಫ್‌ಎಫ್ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಗಿಲ್ಮೋರ್ ಇವರೇ.) ಅವರು ಈ ಕೂಗನ್ನು ಮಾಮೂಲಿ ಯುಡಿಪಿ ಪ್ಯಾಕೆಟ್ಟಿನೊಳಗೆ ಇಟ್ಟರು. ಕಳಿಸುವವನ ವಿಳಾಸ 0.0.0.0, ಅಂದರೆ ‘ನಾನು ಯಾರೋ ನನಗೇ ಗೊತ್ತಿಲ್ಲ’. ತಲುಪಬೇಕಾದ ವಿಳಾಸ 255.255.255.255, ಅಂದರೆ ‘ಕೇಳಿಸಿಕೊಂಡವರೆಲ್ಲ’. ಸರ್ವರ್ ಕಿವಿಗೊಡುವುದು 67ನೇ ಪೋರ್ಟಿನಲ್ಲಿ, ಕೇಳುವವನು ಕಾಯುವುದು 68ರಲ್ಲಿ. ಇವತ್ತಿಗೂ ಅವೇ ಸಂಖ್ಯೆಗಳು.

ಆ ದಾಖಲೆಯಲ್ಲಿ ನನಗೆ ಬಹಳ ಇಷ್ಟವಾದ ಒಂದು ಭಾಗವಿದೆ. ‘ಕೋಳಿ ಮೊದಲೋ ಮೊಟ್ಟೆ ಮೊದಲೋ’ ಎಂಬ ಅರ್ಥದ ತಲೆಬರಹವನ್ನೇ ಕೊಟ್ಟಿದ್ದಾರೆ. ನಮ್ಮಲ್ಲಾದರೆ ‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎನ್ನುತ್ತಿದ್ದೆವು. ಸರ್ವರ್ ಉತ್ತರ ಸಿದ್ಧ ಮಾಡಿಕೊಂಡಿದೆ, ‘ನಿನ್ನ ವಿಳಾಸ ಇಂತಿಂಥದ್ದು’ ಎಂದು. ಅದನ್ನು ಕಳಿಸುವ ಮೊದಲು ಸರ್ವರ್ ತನ್ನ ಅಭ್ಯಾಸದಂತೆ ‘ಈ ಐಪಿ ಯಾರದ್ದು?’ ಎಂದು ಕೂಗುತ್ತದೆ. ಆ ಐಪಿಯ ಒಡೆಯನಿಗೇ ಅದು ತನ್ನದೆಂದು ಇನ್ನೂ ಗೊತ್ತಿಲ್ಲ! ಕಾಗದ ಓದುವವರೆಗೆ ಅವನು ಉತ್ತರಿಸಲಾರ, ಉತ್ತರಿಸುವವರೆಗೆ ಕಾಗದ ಬರಲಾರದು. ಇಬ್ಬರೂ ಎರಡು ದಾರಿ ಸೂಚಿಸಿದರು. ಒಂದು, ಸರ್ವರ್ ತನ್ನ ಕೋಷ್ಟಕದಲ್ಲಿ ‘ಈ ಐಪಿ ಈ ಕಾರ್ಡಿನದ್ದು’ ಎಂದು ಯಾರನ್ನೂ ಕೇಳದೆ ತಾನೇ ತುರುಕಿಕೊಳ್ಳಲಿ. ಅದಾಗದಿದ್ದರೆ ಉತ್ತರವನ್ನೂ ಎಲ್ಲರಿಗೂ ಕೇಳುವಂತೆ ಕೂಗಿಬಿಡಲಿ. ದೊಡ್ಡ ಸಿದ್ಧಾಂತವೇನಿಲ್ಲ, ಮನೆಬಳಕೆಯ ಜಾಣತನ. ಮುಂದಿನ ಕತೆಯೆಲ್ಲ ಇದೇ ಗಂಟನ್ನು ಬೇರೆ ಬೇರೆ ಕಡೆ ಬಿಚ್ಚಿದ್ದು.

ಬೂಟ್‌ಪಿಯಲ್ಲಿ ಯಾರಿಗೆ ಯಾವ ವಿಳಾಸ ಎಂಬ ಪಟ್ಟಿಯನ್ನು ಯಾರಾದರೊಬ್ಬರು ಕೈಯಿಂದ ಬರೆಯಬೇಕಿತ್ತು. ಯಂತ್ರ ಒಂದೇ ಕಡೆ ಕೂತಿದ್ದಾಗ ಅದು ನಡೆಯಿತು. ಜನ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಓಡಾಡತೊಡಗಿದಾಗ ನಡೆಯಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಬಕ್ನೆಲ್ ವಿಶ್ವವಿದ್ಯಾಲಯದಲ್ಲಿ ಮೇಷ್ಟರಾಗಿದ್ದ ರಾಲ್ಫ್ ಡ್ರೋಮ್ಸ್ 1993ರ ಅಕ್ಟೋಬರ್‌ನಲ್ಲಿ ಡಿಎಚ್‌ಸಿಪಿಯ ಬರಹ ಹೊರಡಿಸಿದರು. ಈಗ ನಾವು ಬಳಸುತ್ತಿರುವ ರೂಪ 1997ರ ಮಾರ್ಚ್‌ನದ್ದು. ಹೊಸ ಮನೆ ಕಟ್ಟುವ ಗೋಜಿಗೆ ಅವರು ಹೋಗಲಿಲ್ಲ. ಬೂಟ್‌ಪಿಯ ಪ್ಯಾಕೆಟ್ಟನ್ನು ಹಾಗೇ ಇಟ್ಟುಕೊಂಡು, ಅದರ ಬಾಲದಲ್ಲಿ ಕಂಪನಿಗಳಿಗೆಂದು ಬಿಟ್ಟಿದ್ದ ಜಾಗದಲ್ಲಿ ಎಲ್ಲವನ್ನೂ ಕಟ್ಟಿದರು. ಸಬ್‌ನೆಟ್ ಮಾಸ್ಕ್ 1ನೇ ಕಲಮು, ಗೇಟ್‌ವೇ 3, ಡಿಎನ್‌ಎಸ್ 6, ಎಂಟಿಯು 26.

ಹೊಸದು ಎಂದರೆ ಲೀಸ್. ಬೆಂಗಳೂರಿನಲ್ಲಿ ‘ಲೀಸಿಗೆ ಮನೆ’ ಎಂದರೆ ಲಕ್ಷಗಟ್ಟಲೆ ಕೊಟ್ಟು ವರ್ಷಗಟ್ಟಲೆ ಕೂರುವುದು. ಇದು ಹಾಗಲ್ಲ, ಛತ್ರದ ಕೋಣೆಯ ಲೆಕ್ಕ. ‘ಯಾರಾದರೂ ಇದ್ದೀರಾ?’ ‘ಇದ್ದೇನೆ, ಈ ಕೋಣೆ ತಗೋ.’ ‘ಅದೇ ಆಗಲಿ, ಕೊಡಿ.’ ‘ಆಯ್ತು, ಇಷ್ಟು ಹೊತ್ತು ನಿನ್ನದು.’ ನಾಲ್ಕು ಮಾತು. ಮೂರನೆಯದನ್ನೂ ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಕೋಣೆ ಕೊಡಲು ಮುಂದೆ ಬಂದಿದ್ದ ಬೇರೆ ಛತ್ರದವರು ತಮ್ಮದನ್ನು ಇನ್ನೊಬ್ಬರಿಗೆ ಇಟ್ಟುಕೊಳ್ಳಲಿ ಎಂಬ ಸೌಜನ್ಯ ಅದು. ಅರ್ಧ ಅವಧಿ ಕಳೆಯುತ್ತಲೇ ಯಂತ್ರ ಕೊಟ್ಟವರ ಬಳಿ ಹೋಗಿ ‘ಮುಂದುವರಿಸಿ’ ಎನ್ನುತ್ತದೆ. ಎಂಟರಲ್ಲಿ ಏಳು ಪಾಲು ಕಳೆದರೂ ಉತ್ತರ ಬಾರದಿದ್ದರೆ ‘ಯಾರಾದರೂ ಮುಂದುವರಿಸಿ’ ಎಂದು ಬೀದಿಗೆ ಬಂದು ಕೂಗುತ್ತದೆ. ಅದೂ ವಿಫಲವಾದರೆ ವಿಂಡೋಸ್‌ನಂಥ ಯಂತ್ರಗಳು ತಾವೇ ಇಟ್ಟುಕೊಳ್ಳುವ ಹೆಸರು ನಮ್ಮ 169.254. ವಿಂಡೋಸ್ 98ರ ಕಾಲದಿಂದ ನಡೆದುಬಂದ ಈ ರೂಢಿಯನ್ನು 2005ರ ಮೇ ತಿಂಗಳಲ್ಲಿ ಸ್ಟೂವರ್ಟ್ ಚೆಶೈರ್ ಮತ್ತಿತರರು ನಿಯಮವಾಗಿ ಬರೆದರು. ಅದರಲ್ಲೊಂದು ಕಟ್ಟಪ್ಪಣೆ ಇದೆ: ಈ ವಿಳಾಸಗಳ ಪ್ಯಾಕೆಟ್ಟನ್ನು ಯಾವ ರೂಟರೂ ಹೊಸಿಲು ದಾಟಿಸಕೂಡದು.

ಈ ಹೊಸಿಲನ್ನು ನೆನಪಿಡಿ. ಇನ್ನು ಅತಿಥಿಯ ಕಡೆ ಬರೋಣ.

ಒಂದು ಯಂತ್ರದೊಳಗೆ ಓಡುವ ಇನ್ನೊಂದು ಆಪರೇಟಿಂಗ್ ಸಿಸ್ಟಮ್ಮನ್ನು ‘ಗೆಸ್ಟ್’ ಎಂದು ಕರೆಯುವುದು ಐಬಿಎಂನ ದೊಡ್ಡ ಯಂತ್ರಗಳ ಕಾಲದಿಂದ ಬಂದದ್ದು. ತಿಥಿ ನೋಡದೆ ಬರುವವನು ಅತಿಥಿ ಎಂದು ನಮ್ಮ ಹಿರಿಯರು ಪದ ಬಿಡಿಸುತ್ತಿದ್ದರು. ಕ್ಲೌಡಿನ ಗೆಸ್ಟ್‌ಗೆ ಇದಕ್ಕಿಂತ ಸರಿಯಾದ ಹೆಸರು ಇಲ್ಲ. ಯಾವ ಹೊತ್ತಿಗೆ ಬರುತ್ತದೋ, ಎಷ್ಟು ಹೊತ್ತು ಇರುತ್ತದೋ, ಯಾವ ಕೋಣೆಯಲ್ಲಿ ಮಲಗುತ್ತದೋ ಯಾರಿಗೂ ಗೊತ್ತಿಲ್ಲ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹುಟ್ಟಿದ ಝೆನ್ ಎಂಬ ತಂತ್ರಾಂಶ 2003ರಲ್ಲಿ ಲೋಕಕ್ಕೆ ಪರಿಚಯವಾಯಿತು. ಸಾಧಾರಣ ಬೆಲೆಯ ಸರ್ವರ್‌ನಲ್ಲಿ ಹಲವು ಗೆಸ್ಟ್‌ಗಳನ್ನು ವೇಗವಾಗಿ ಓಡಿಸಬಹುದು ಎಂದು ಅದು ತೋರಿಸಿತು. ಅದರೊಳಗಿನ ನೆಟ್‌ವರ್ಕ್ ಕಾರ್ಡಿಗೆ ಎರಡು ತುದಿ. ಒಂದು ಗೆಸ್ಟ್‌ನೊಳಗೆ, ಇನ್ನೊಂದು ಅದನ್ನು ಹೊತ್ತ ಸರ್ವರ್‌ನ, ಅಂದರೆ ಹೋಸ್ಟ್‌ನ ಕೋಣೆಯಲ್ಲಿ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಂಖ್ಯೆ ಇಲ್ಲಿಲ್ಲ. ಕಾರ್ಡೇ ಕಲ್ಪನೆ, ಅದರ ಮ್ಯಾಕ್ ಸಂಖ್ಯೆಯನ್ನೂ ಯಾರೋ ಹುಟ್ಟಿಸಿ ಕೊಡುತ್ತಾರೆ. ಸ್ಟ್ಯಾನ್‌ಫರ್ಡಿನ ಡಿಸ್ಕಿಲ್ಲದ ಯಂತ್ರಕ್ಕೆ ಗೊತ್ತಿದ್ದ ಆ ಒಂದೇ ಒಂದು ಸಂಗತಿಯೂ ಇಲ್ಲಿ ಎರವಲು.

ಆ ಝೆನ್ ಮೇಲೆ ಅಮೆಜಾನ್ ಕಂಪನಿಯ ಒಂದು ತಂಡ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಕೂತು ಇಸಿ2 ಕಟ್ಟಿತು. ಮುಂದಾಳು ಕ್ರಿಸ್ ಪಿಂಕ್‌ಹ್ಯಾಮ್. 2006ರ ಆಗಸ್ಟ್ 25ರಂದು ಅದು ಬೀಟಾ ರೂಪದಲ್ಲಿ ತೆರೆಯಿತು. ಗಂಟೆಗೆ 10 ಸೆಂಟ್, 1.75 ಜಿಬಿ ಮೆಮೊರಿಯ ಯಂತ್ರ. ನನಗೆ ಬೆಲೆಗಿಂತ ಕುತೂಹಲ ಹುಟ್ಟಿಸಿದ್ದು ಅವರ ಮುಂದಿದ್ದ ತೊಡಕು. ಒಂದೇ ಡಿಸ್ಕ್ ಇಮೇಜಿನಿಂದ ಇವತ್ತು ಒಬ್ಬ ಒಂದು ಯಂತ್ರ ಎಬ್ಬಿಸುತ್ತಾನೆ, ನಾಳೆ ಇನ್ನೊಬ್ಬ ನೂರು ಎಬ್ಬಿಸುತ್ತಾನೆ. ಇಮೇಜಿನೊಳಗೆ ಯಾರ ಹೆಸರನ್ನೂ ಬರೆದಿಡುವಂತಿಲ್ಲ. ಐಪಿ, ಗೇಟ್‌ವೇ, ಡಿಎನ್‌ಎಸ್ ಮೂರನ್ನೂ ಡಿಎಚ್‌ಸಿಪಿ ನೋಡಿಕೊಳ್ಳುತ್ತದೆ, ಸರಿ. ಆದರೆ ಯಜಮಾನ ಒಳಗೆ ಲಾಗಿನ್ ಆಗಬೇಕಲ್ಲ? ಇಮೇಜಿನಲ್ಲಿ ಒಂದು ಪಾಸ್‌ವರ್ಡ್ ಇಟ್ಟರೆ ಅದೇ ಇಮೇಜ್ ಬಳಸುವ ಲೋಕಕ್ಕೆಲ್ಲ ಒಂದೇ ಬೀಗದ ಕೈ. ಹೊರಗಿನ ಸರ್ವರ್ ಒಂದನ್ನು ಕೇಳೋಣವೆಂದರೆ ‘ನೀನು ಯಾರು’ ಎಂದು ಅದು ಕೇಳುತ್ತದೆ. ಅದನ್ನೇ ತಿಳಿಯಲು ಬಂದವನು ಏನೆಂದು ಹೇಳಿಯಾನು?

ಅವರು ಹಿಡಿದದ್ದು ಆ ಹೊಸಿಲನ್ನು. 169.254.169.254 ಎಂಬ ವಿಳಾಸದಲ್ಲಿ ಒಂದು ಪುಟ್ಟ ವೆಬ್ ಸರ್ವರ್ ಇದೆ ಎಂದು ಗೆಸ್ಟ್‌ಗೆ ನಂಬಿಸಿದರು. ಯಾವ ರೂಟರೂ ದಾಟಿಸದ ವಿಳಾಸವಾದ್ದರಿಂದ ಗ್ರಾಹಕರ ನಿಜವಾದ ನೆಟ್‌ವರ್ಕಿನ ಯಾವ ಯಂತ್ರಕ್ಕೂ ಅದು ಅಡ್ಡ ಬರುವುದಿಲ್ಲ. ಗೆಸ್ಟ್ ಕೇಳಿದ ಪ್ರಶ್ನೆ ಅದರ ಕಲ್ಪನೆಯ ಕಾರ್ಡಿನ ಇನ್ನೊಂದು ತುದಿಯಲ್ಲೇ, ಹೋಸ್ಟ್‌ನ ಕೈಗೇ ಬೀಳುತ್ತದೆ. ‘ನೀನು ಯಾರು’ ಎಂದು ಹೋಸ್ಟ್ ಕೇಳುವುದಿಲ್ಲ, ಯಾವ ತಂತಿಯಿಂದ ದನಿ ಬಂತು ಎಂಬುದು ಅದಕ್ಕೆ ಗೊತ್ತೇ ಇದೆ. ಮನೆಯಾಕೆ ಒಳಕೋಣೆಯ ಕೆಮ್ಮು ಕೇಳಿ ಯಾರದ್ದೆಂದು ಹೇಳುವ ಹಾಗೆ. ಕರ್ಲ್ ಎಂಬ ಆದೇಶದಿಂದ ಆ ವಿಳಾಸ ತೆರೆದರೆ ಸಾಲು ಸಾಲಾಗಿ ಉತ್ತರ: ನಿನ್ನ ಗುರುತಿನ ಸಂಖ್ಯೆ, ನಿನ್ನ ಒಳ ವಿಳಾಸ, ನಿನ್ನ ಹೊರ ವಿಳಾಸ, ನಿನ್ನ ಯಜಮಾನನ ಸಾರ್ವಜನಿಕ ಕೀ. ಆರಂಭದ ಇಮೇಜುಗಳಲ್ಲಿ ಬೂಟ್‌ನ ಕೊನೆಗೆ ಓಡುವ ಸ್ಕ್ರಿಪ್ಟಿನಲ್ಲಿ ನಾಲ್ಕಾರು ಸಾಲು ಬರೆದು ಆ ಕೀಯನ್ನು ತಂದು ಜಾಗದಲ್ಲಿಡುತ್ತಿದ್ದರು. ಅಷ್ಟೇ ಇಡೀ ಜಾದೂ.

ಕೇಳಿದವರಿಗೆಲ್ಲ ಗುರುತು ವಿಚಾರಿಸದೆ ಕೊಡುವ ಈ ಔದಾರ್ಯ ಮುಂದೆ ಕುತ್ತಿಗೆಗೂ ಬಂತು. 2019ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕೊಂದರ ಗೆಸ್ಟ್‌ನೊಳಗಿನ ತಂತ್ರಾಂಶವನ್ನು ಪುಸಲಾಯಿಸಿ, ಅದರ ಬಾಯಲ್ಲೇ ಈ ವಿಳಾಸವನ್ನು ಕೇಳಿಸಿ, ಕೀಲಿ ಪಡೆದು, ಹತ್ತು ಕೋಟಿಗೂ ಹೆಚ್ಚು ಜನರ ವಿವರ ಎತ್ತಲಾಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಮೆಜಾನ್ ಇದರ ಎರಡನೇ ಆವೃತ್ತಿ ತಂದಿತು. ಅದರಲ್ಲಿ ಮೊದಲು ಟೋಕನ್ ಪಡೆಯಬೇಕು, ಆಮೇಲೆ ಪ್ರಶ್ನೆ. ಟೋಕನ್ ಹೊತ್ತ ಪ್ಯಾಕೆಟ್ಟಿಗೆ ಮಾಮೂಲಾಗಿ ಒಂದೇ ಹೆಜ್ಜೆಯಷ್ಟು ಆಯುಸ್ಸು, ಇನ್ನೊಂದು ಹೊಸಿಲು ದಾಟುವ ಮೊದಲೇ ಸಾಯಲಿ ಎಂದು.

ನನ್ನ 2011ರ ರಾತ್ರಿಗೆ ಉತ್ತರ ಆ ರಾತ್ರಿಗೂ ಮೊದಲೇ ಉಬುಂಟುವಿನಲ್ಲಿ ಬಂದುಬಿಟ್ಟಿತ್ತು, ನನಗೆ ಗೊತ್ತಿರಲಿಲ್ಲ. ಇಸಿ2-ಇನಿಟ್ ಎಂಬ ಹೆಸರಿನಲ್ಲಿ ಹುಟ್ಟಿ, ಉಬುಂಟುವಿನ ಹಿಂದಿರುವ ಕೆನಾನಿಕಲ್ ಕಂಪನಿಯಲ್ಲಿದ್ದ ಸ್ಕಾಟ್ ಮೋಸರ್ ಅವರ ಕೈಯಲ್ಲಿ ಬೆಳೆದ ಕ್ಲೌಡ್-ಇನಿಟ್. ಇದರ ಬಗ್ಗೆ ಬರೆಯುವವರು ಅದು ಏನೇನು ಮಾಡುತ್ತದೆ ಎಂದು ಉದ್ದದ ಪಟ್ಟಿ ಕೊಡುತ್ತಾರೆ: ಬಳಕೆದಾರರನ್ನು ಸೇರಿಸುತ್ತದೆ, ಡಿಸ್ಕ್ ಹಿಗ್ಗಿಸುತ್ತದೆ, ಪ್ಯಾಕೇಜ್ ಹಾಕುತ್ತದೆ. ನನ್ನ ಕಣ್ಣಿಗೆ ಅದರ ಜೀವ ಇರುವುದು ಒಂದೇ ಒಂದು ಹೋಲಿಕೆಯಲ್ಲಿ. ಎದ್ದೊಡನೆ ಅದು ಕ್ಲೌಡನ್ನು ‘ನನ್ನ ಗುರುತಿನ ಸಂಖ್ಯೆ ಏನು’ ಎಂದು ಕೇಳುತ್ತದೆ. ಡಿಸ್ಕಿನಲ್ಲಿ ಕಳೆದ ಸಲ ಬರೆದಿಟ್ಟ ಸಂಖ್ಯೆಯ ಪಕ್ಕ ಅದನ್ನಿಡುತ್ತದೆ. ಎರಡೂ ಒಂದೇ ಆದರೆ, ಮಲಗಿ ಎದ್ದವನು ನಾನೇ, ಕೆಲಸ ಮುಂದುವರಿಯಲಿ. ಬೇರೆಯಾದರೆ, ಈ ಡಿಸ್ಕಿನ ನೆನಪು ನನ್ನದಲ್ಲ, ಇನ್ಯಾರದ್ದೋ. ನಾನು ಈಗಷ್ಟೇ ಹುಟ್ಟಿದವನು. ಆಗ ಜಾತಕರ್ಮದಿಂದ ಎಲ್ಲವೂ ಹೊಸದಾಗಿ. ನನ್ನ ಹತ್ತು ಕ್ಲೋನುಗಳಿಗೆ ಹೊಳೆಯದೇ ಹೋದದ್ದು ಇದೇ.

ಇಲ್ಲೂ ಹಳೇ ಹುಚ್ಚು-ಮದುವೆಯ ಗಂಟು ಬಿಡಲಿಲ್ಲ. ನೆಟ್‌ವರ್ಕ್ ಹೇಗಿರಬೇಕು ಎಂಬುದನ್ನೂ ಕ್ಲೌಡೇ ಹೇಳಬೇಕು, ಆದರೆ ಅದನ್ನು ಕೇಳಲು ನೆಟ್‌ವರ್ಕ್ ಬೇಕು. ಸ್ವಂತ ಕ್ಲೌಡ್ ಕಟ್ಟಿಕೊಳ್ಳುವ ತಂತ್ರಾಂಶವಾದ ಓಪನ್‌ಸ್ಟ್ಯಾಕ್‌ನವರು ಒಂದು ದಾರಿ ಕಂಡರು. ಗೆಸ್ಟ್‌ಗೆ ಒಂದು ಪುಟ್ಟ ಡಿಸ್ಕನ್ನೇ ಸಿಕ್ಕಿಸಿಬಿಡುವುದು, ಅದರ ಲೇಬಲ್ ‘ಕಾನ್ಫಿಗ್-2’. ಮನೆಯಲ್ಲೇ ಗೆಸ್ಟ್ ಓಡಿಸುವ ನನ್ನಂಥವರಿಗೆ ‘ಸಿಐಡೇಟಾ’ ಎಂಬ ಲೇಬಲ್‌ನ ಸಿಡಿ ಇಮೇಜ್. ಒಳಗೆ ಎರಡು ಮೂರು ಸಣ್ಣ ಪಠ್ಯ ಫೈಲು. ಮೊದಲ ಸಲ ಅದನ್ನು ಮಾಡಿ ಸಿಕ್ಕಿಸಿದಾಗ, ಶಾಲೆಗೆ ಹೊರಟ ಮಗುವಿನ ಜೇಬಿಗೆ ಹೆಸರು, ಮನೆ ನಂಬರಿನ ಚೀಟಿ ಪಿನ್ ಮಾಡಿ ಕಳಿಸುತ್ತಿದ್ದ ಕಾಲ ನೆನಪಾಯಿತು. ಅಮೆಜಾನ್‌ನಂಥ ಕಡೆ ಕ್ಲೌಡ್-ಇನಿಟ್ ಈಗ ಇನ್ನೊಂದು ಉಪಾಯ ಮಾಡುತ್ತದೆ. ಮುಖ್ಯ ವ್ಯವಸ್ಥೆ ಏಳುವ ಮೊದಲೇ ತಾತ್ಕಾಲಿಕವಾಗಿ ಒಂದು ಡಿಎಚ್‌ಸಿಪಿ ವಿಳಾಸ ಪಡೆದು, 169.254.169.254ಕ್ಕೆ ಹೋಗಿ ಕೇಳಬೇಕಾದ್ದನ್ನೆಲ್ಲ ಕೇಳಿಕೊಂಡು, ಆ ವಿಳಾಸವನ್ನು ಕಳಚಿಟ್ಟು, ನಿಜವಾದ ಸೆಟ್ಟಿಂಗನ್ನು ಬರೆದು ಪಕ್ಕಕ್ಕೆ ಸರಿಯುತ್ತದೆ.

ಎಥ್0 ಎಂಬ ಹೆಸರೂ ಈ ನಡುವೆ ಹೋಯಿತು. 2013ರ ಜನವರಿಯಲ್ಲಿ, ಲಿನಕ್ಸನ್ನು ಎಬ್ಬಿಸಿ ನಡೆಸುವ ಸಿಸ್ಟಮ್‌ಡಿಯ 197ನೇ ಆವೃತ್ತಿ ಕಾರ್ಡಿಗೆ ಅದು ಕೂತ ಜಾಗ ನೋಡಿ ಹೆಸರಿಡತೊಡಗಿತು, ಇಎನ್‌ಎಸ್3, ಇಎನ್‌ಎಸ್5 ಎಂಬಂಥವು. ಹಳೇ ರೂಲ್ಸ್ ಫೈಲಿನ ಕಾಟ ತಪ್ಪಿತು. 2017ರ ಅಕ್ಟೋಬರ್‌ನಲ್ಲಿ ಉಬುಂಟು 17.10 ನೆಟ್‌ವರ್ಕ್ ಸೆಟ್ಟಿಂಗ್ ಬರೆಯಲು ನೆಟ್‌ಪ್ಲಾನ್ ಅನ್ನೇ ಮಾಮೂಲಿ ಮಾಡಿತು. ಎರಡು ಸ್ಪೇಸ್ ಹೆಚ್ಚುಕಮ್ಮಿಯಾದರೆ ಯಂತ್ರವೇ ಮಾತು ಬಿಡುವ ಯಾಮೆಲ್ ಫೈಲುಗಳ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಆದರೆ ‘ನೆಟ್‌ಪ್ಲಾನ್ ಟ್ರೈ’ ಎಂದರೆ 120 ಸೆಕೆಂಡು ಕಾದು, ನಾವು ‘ಸರಿ’ ಎನ್ನದಿದ್ದರೆ ಹಳೆಯದಕ್ಕೇ ಮರಳುವ ಆ ಒಂದು ಗುಣಕ್ಕಾಗಿ ಉಳಿದದ್ದನ್ನು ಕ್ಷಮಿಸಿದ್ದೇನೆ.

ಇಷ್ಟಾದರೂ ಬರೆದಿಡುವ ಚಟ ಮನುಷ್ಯರದ್ದು ಹೋಗುವುದಿಲ್ಲ. ಅಮೆಜಾನ್ 2016ರ ಜೂನ್‌ನಲ್ಲಿ ಮುಂಬೈಯಲ್ಲಿ ತನ್ನ ಕ್ಲೌಡ್ ತೆರೆದ ಮೇಲೆ ನಮ್ಮ ತಂಡವೂ ಅತ್ತ ಸಾಗಿತು. ಒಂದು ಮಧ್ಯಾಹ್ನ ಹೊಸ ಹುಡುಗನೊಬ್ಬ ಓಡಿ ಬಂದ. ‘ಸಾರ್, ಗೆಸ್ಟ್ ಒಳಗೆ ನೋಡಿದ್ರೆ 172.31 ಅಂತ ಐಪಿ ಇತ್ತು. ಪಬ್ಲಿಕ್ ಐಪಿ ಕಾಣಲಿಲ್ಲ. ಅದಕ್ಕೆ ನಾನೇ ಹಾಕಿ ರೀಬೂಟ್ ಮಾಡ್ದೆ.’

‘ಈಗ?’

‘ಈಗ ಲಾಗಿನ್ ಆಗ್ತಿಲ್ಲ ಸಾರ್.’

ಆಗುವುದಾದರೂ ಹೇಗೆ? ಹೊರಗಿನವರಿಗೆ ಕಾಣುವ ವಿಳಾಸ ಗೆಸ್ಟ್‌ನೊಳಗೆ ಇರುವುದೇ ಇಲ್ಲ. ಅದು ಹೊರಬಾಗಿಲಿನ ಹಲಗೆ. ಒಳಗೆ ಬರುವ ಪ್ಯಾಕೆಟ್ಟಿನ ಮೇಲಿನ ವಿಳಾಸವನ್ನು ಬಾಗಿಲಲ್ಲೇ ಬದಲಿಸಿ ಒಳಗಿನ 172.31ಕ್ಕೆ ಕಳಿಸುತ್ತಾರೆ. ಹಲಗೆಯನ್ನು ಕಿತ್ತು ಅಡುಗೆಮನೆಯಲ್ಲಿ ನೇತುಹಾಕಿದ್ದ ನಮ್ಮ ಹುಡುಗ. ಸಂಜೆವರೆಗೆ ಶಸ್ತ್ರಚಿಕಿತ್ಸೆ ನಡೆಯಿತು. ಯಂತ್ರ ನಿಲ್ಲಿಸಿ, ಅದರ ಡಿಸ್ಕ್ ಬಿಚ್ಚಿ, ಪಕ್ಕದ ಇನ್ನೊಂದು ಯಂತ್ರಕ್ಕೆ ಎರಡನೇ ಡಿಸ್ಕಾಗಿ ಸಿಕ್ಕಿಸಿ, ಮೌಂಟ್ ಮಾಡಿ, ಹುಡುಗ ಬರೆದಿದ್ದ ಸಾಲುಗಳನ್ನು ಅಳಿಸಿ ಡಿಎಚ್‌ಸಿಪಿ ಎಂದು ಬರೆದು, ಮತ್ತೆ ಮೊದಲಿನ ಜಾಗಕ್ಕೆ. ಹುಡುಗ ಮಾತಾಡದೆ ಎಲ್ಲ ನೋಡುತ್ತಿದ್ದ. ನಾನು ಬೈಯಲಿಲ್ಲ. ಕೇಬಲ್ ಅಲುಗಾಡಿಸಿದ್ದು ನೆನಪಿತ್ತು.

ಕಲಿಸುವಾಗ ನಾನು ಈಗ ಹೀಗೆ ಹೇಳುತ್ತೇನೆ: ಕ್ಲೌಡಿನೊಳಗೆ ನಡೆಯುವುದು ನಾಟಕ. ಗೆಸ್ಟ್ ಹಳೇ ಡಿಎಚ್‌ಸಿಪಿ ಮಾತನ್ನು ಅಕ್ಷರ ಬಿಡದೆ ಆಡುತ್ತದೆ, 255.255.255.255 ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ಅಮೆಜಾನ್‌ನ ಒಳ ನೆಟ್‌ವರ್ಕಿನಲ್ಲಿ ಆ ಕೂಗು ಪಕ್ಕದ ಗೆಸ್ಟ್‌ಗೆ ಕೇಳಿಸುವುದೇ ಇಲ್ಲ. ಅಲ್ಲಿ ತಂತಿಯೂ ಇಲ್ಲ, ಊರೂ ಇಲ್ಲ. ಪ್ರತಿ ಸಬ್‌ನೆಟ್‌ನಲ್ಲಿ ಐದು ವಿಳಾಸಗಳನ್ನು ಅವರೇ ಹಿಡಿದಿಟ್ಟುಕೊಂಡಿರುತ್ತಾರೆ, ಅದರಲ್ಲಿ ಕೊನೆಯದು ಎಲ್ಲರಿಗೂ ಕೂಗುವ ಬ್ರಾಡ್‌ಕಾಸ್ಟ್ ವಿಳಾಸ. ಬ್ರಾಡ್‌ಕಾಸ್ಟ್ ಇಲ್ಲದ ಊರಿನಲ್ಲಿ ಅದಕ್ಕೊಂದು ಕುರ್ಚಿ! ಗೂಗಲ್‌ನ ಕ್ಲೌಡ್ ಇನ್ನೂ ನೇರ. ಗೆಸ್ಟ್‌ಗೆ 32ರ ಮಾಸ್ಕ್ ಕೊಟ್ಟು, ಅಂದರೆ ‘ಈ ಬೀದಿಯಲ್ಲಿ ನೀನೊಬ್ಬನೇ’ ಎಂದು ಮುಖಕ್ಕೇ ಹೇಳಿಬಿಡುತ್ತದೆ.

ನಾನು ಗೆದ್ದೆ ಎಂದುಕೊಂಡದ್ದು 2018ರವರೆಗೆ. ನಮ್ಮದೇ ಆಫೀಸಿನ ಸರ್ವರ್‌ನಲ್ಲಿ ಉಬುಂಟು 18.04ರ ಟೆಂಪ್ಲೇಟ್ ಮಾಡಿ ಆರು ಕ್ಲೋನ್ ತೆಗೆದೆ. ಮ್ಯಾಕ್ ಸಂಖ್ಯೆ ಆರಕ್ಕೂ ಬೇರೆ ಬೇರೆ, ಕಣ್ಣಾರೆ ನೋಡಿದ್ದೇನೆ. ಎಲ್ಲವೂ ಡಿಎಚ್‌ಸಿಪಿ, ಎಲ್ಲೂ ಏನೂ ಬರೆದಿಲ್ಲ. ಲಾಗಿನ್ ಆಗಿ ಒಂದು ಫೈಲ್ ಮಾಡಿಟ್ಟೆ, ಕಾಫಿ ಕುಡಿದು ಬಂದು ನೋಡಿದರೆ ಫೈಲ್ ಇಲ್ಲ. ಮತ್ತೆ ಮಾಡಿದೆ. ಸ್ವಲ್ಪ ಹೊತ್ತಿಗೆ ಎರಡೂ ಇಲ್ಲ, ಇನ್ನು ಸ್ವಲ್ಪ ಹೊತ್ತಿಗೆ ಮೊದಲನೆಯದೊಂದೇ ಇದೆ. ದೆವ್ವವೇ ಸರಿ. ಹೋಸ್ಟ್‌ನೇಮ್ ನೋಡಿದಾಗ ಅರ್ಥವಾಯಿತು. ಒಂದೇ ಐಪಿಗೆ ಲಾಗಿನ್ ಆಗುತ್ತಿದ್ದೆ, ಆದರೆ ಒಮ್ಮೆ ಒಂದು ಯಂತ್ರ ಬಾಗಿಲು ತೆಗೆಯುತ್ತಿತ್ತು, ಇನ್ನೊಮ್ಮೆ ಇನ್ನೊಂದು. ಆರಕ್ಕೂ ಡಿಎಚ್‌ಸಿಪಿ ಸರ್ವರ್ ಒಂದೇ ಕೋಣೆ ಕೊಟ್ಟಿತ್ತು.

ಹಳೇ ಕಾಲದ ಹಾಗೆ ಮ್ಯಾಕ್ ಸಂಖ್ಯೆ ತೋರಿಸಿ ವಿಳಾಸ ಕೇಳುವುದನ್ನು ಉಬುಂಟುವಿನ ಈ ಹೊಸ ವ್ಯವಸ್ಥೆ ಬಿಟ್ಟಿತ್ತು. ‘ಮೆಷಿನ್-ಐಡಿ’ ಎಂಬ ಫೈಲಿನಲ್ಲಿರುವ 32 ಅಕ್ಷರದ ಸಂಖ್ಯೆಯಿಂದ ಒಂದು ಗುರುತನ್ನು ಕಡೆದು ಅದನ್ನೇ ತೋರಿಸುತ್ತಿತ್ತು. ಟೆಂಪ್ಲೇಟ್ ಮೊದಲ ಸಲ ಎದ್ದಾಗ ಬರೆದುಕೊಂಡ ಸಂಖ್ಯೆ ಆರೂ ಡಿಸ್ಕಿನಲ್ಲಿ ಹಾಗೇ ಕೂತಿತ್ತು. ಆರು ಮುಖ, ಒಂದೇ ಆಧಾರ್ ಕಾರ್ಡು. ಕೊಟ್ಟವನದ್ದೇನೂ ತಪ್ಪಿಲ್ಲ.

ಈಗ ಟೆಂಪ್ಲೇಟ್ ಮುಚ್ಚುವ ಮೊದಲು ಮಾಡುವ ಕೆಲಸಕ್ಕೆ ನನ್ನ ಬಳಿ ಒಂದು ಚೀಟಿ ಇದೆ. ಮಾನಿಟರಿನ ಅಂಚಿಗೆ ಅಂಟಿಸಿದ್ದು, ಅಂಟು ಹೋಗಿ ಎರಡು ಸಲ ಬದಲಾಗಿದೆ. ಕ್ಲೌಡ್-ಇನಿಟ್ ಕ್ಲೀನ್ ಹೊಡೆಯುವುದು. ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನು ತೆಗೆಯುವುದು. ಡಿಎಚ್‌ಸಿಪಿಯ ಹಳೇ ಲೀಸ್ ಅಳಿಸುವುದು. ಕೊನೆಗೆ ಮೆಷಿನ್-ಐಡಿ. ಅದನ್ನು ಅಳಿಸಬಾರದು, ಫೈಲ್ ಇರಬೇಕು, ಒಳಗೆ ಏನೂ ಇರಬಾರದು. ಮೊನ್ನೆ ಆ ಹುಡುಗ, ಈಗ ಅವನೇ ತಂಡದ ಲೀಡ್, ನನ್ನ ಚೀಟಿ ನೋಡಿಕೊಂಡು ಒಂದೊಂದೇ ಆದೇಶ ಹೊಡೆದ. ಫೈಲಿನ ಗಾತ್ರ ನೋಡಿದ. ಸೊನ್ನೆ ಬೈಟ್.

‘ಶಟ್‌ಡೌನ್ ಮಾಡ್ಲಾ ಸಾರ್?’

‘ಮಾಡು. ಇನ್ನೊಂದು ಸಲ ಆನ್ ಮಾಡ್ಬೇಡ, ಮತ್ತೆ ಬರ್ಕೊಂಡ್‌ಬಿಡುತ್ತೆ.’